ಹೆಚ್ಚು ಬೂಸ್ಟ್‌ಗೆ ಬೀಡು ಕಬ್ಬಿಣದ ಬ್ಲಾಕ್: ಫೋಕ್ಸ್‌ವ್ಯಾಗನ್ 1.8 ಟರ್ಬೊ ಎಂಜಿನ್ನಿನ ಮಷಿನಿಂಗ್ ಕೈಪಿಡಿ

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮೂಲಕ ಭಾರತಕ್ಕೆ ಬಂದ 1.8 ಲೀಟರ್, 20 ವಾಲ್ವ್ ಟರ್ಬೊ ಪೆಟ್ರೋಲ್ ಎಂಜಿನ್ನಿನ ಶಕ್ತಿ 150 ಅಶ್ವಶಕ್ತಿ. ಯುರೋಪಿನಲ್ಲಿ ಇದೇ ಎಂಜಿನ್ ಆಡಿ ಟಿಟಿಯಲ್ಲಿ 225 ಅಶ್ವಶಕ್ತಿ ಕೊಟ್ಟಿತು. ಬ್ಲಾಕ್ ಬೀಡು ಕಬ್ಬಿಣದ್ದು. ಬೋರ್ (ಸಿಲಿಂಡರಿನ ಒಳ ಅಗಲ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ನಿನ ಓಟ) 86.4 ಮಿ.ಮೀ., ಒಟ್ಟು 1781 ಸಿಸಿ. ಎಂಜಿನ್ ಅಡ್ಡಲಾಗಿ ಕೂರುವ ಕಾರುಗಳಲ್ಲಿ ಇರುವುದು 06ಎ ಬ್ಲಾಕ್, ಇಲ್ಲಿನ ಅಳತೆಗಳೆಲ್ಲ ಅದರವು. ಉದ್ದಕ್ಕೆ ಕೂರುವ ಹಳೆಯ ಆಡಿ ಎ4 ಎಂಜಿನ್ನಿನಲ್ಲಿ ಆಯಿಲ್ ಪಂಪಿನ ವ್ಯವಸ್ಥೆಯೇ ಬೇರೆ, ಹಾಗಾಗಿ ಆ ಬ್ಲಾಕ್ ಇಟ್ಟುಕೊಂಡವರು ತಮ್ಮ ಅಳತೆಗಳನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು.

ಬೂಸ್ಟ್, ಅಂದರೆ ಟರ್ಬೊ ಒಳಗೆ ದೂಡುವ ಗಾಳಿಯ ಒತ್ತಡ, ಹೆಚ್ಚಿಸಿ 350ರಿಂದ 400 ಅಶ್ವಶಕ್ತಿ ಪಡೆಯುವುದು ನಮ್ಮ ಗುರಿ. ಅಷ್ಟಕ್ಕೆ ಈ ಬ್ಲಾಕ್ ಸಾಲುತ್ತದೆ, ಮೊದಲು ಸೋಲುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. ಟಾರ್ಕ್ 400 ನ್ಯೂಟನ್ ಮೀಟರ್ ದಾಟಿತೆಂದರೆ ಕಂಪನಿಯ ರಾಡ್ ಬಾಗುವ ಅಪಾಯ ಶುರು. ಹಾಗಾದರೆ ಬ್ಲಾಕಿಗೆ ಮಷಿನಿಂಗ್ ಯಾಕೆ? ಸಿಲಿಂಡರಿನೊಳಗೆ ಒತ್ತಡ 100 ಬಾರ್ ಮುಟ್ಟಿದಾಗ, ಬೋರ್ ದೊಡ್ಡದು ಮಾಡಿದ ಮೇಲೆ ಹಾಕುವ 81.5 ಮಿ.ಮೀ. ಪಿಸ್ಟನ್ ಮೇಲೆ ಬೀಳುವ ಬಲ 5 ಟನ್ನಿಗೂ ಹೆಚ್ಚು. ಅಷ್ಟೇ ಬಲ ಹೆಡ್ಡನ್ನು ಮೇಲಕ್ಕೆ ಎತ್ತುತ್ತದೆ, ಕ್ರ್ಯಾಂಕನ್ನು ಕೆಳಕ್ಕೆ ದೂಡುತ್ತದೆ. ರಾಡ್ ಓರೆಯಾಗಿ ನಿಂತಾಗ ಅದರಲ್ಲಿ ಒಂದು ಪಾಲು ಪಿಸ್ಟನ್ನನ್ನು ಬೋರಿನ ಗೋಡೆಗೆ ಒತ್ತುತ್ತದೆ. ಈ ಮೂರೂ ಒತ್ತಡದ ನಡುವೆ ಬೋರ್ ದುಂಡಗೆ ಉಳಿಯಬೇಕು, ಮೇನ್ ಬೇರಿಂಗ್ ಸಾಲು ನೇರವಾಗಿ ಉಳಿಯಬೇಕು, ಹೆಡ್ ಕೂರುವ ಮೇಲ್ಮೈ ಮಟ್ಟಸವಾಗಿ ಉಳಿಯಬೇಕು. ಬ್ಲಾಕಿನಿಂದ ಲೋಹ ತೆಗೆದು ಶಕ್ತಿ ಹುಟ್ಟಿಸಲು ಆಗುವುದಿಲ್ಲ. ತೆಗೆದ ಪ್ರತಿ ಚೂರೂ ಗಟ್ಟಿತನದಿಂದಲೇ ಹೋಗುತ್ತದೆ. ಎಷ್ಟು ಕಡಿಮೆ ತೆಗೆದು ಕೆಲಸ ಮುಗಿಸಬಹುದು ಎಂದು ಲೆಕ್ಕ ಹಾಕುವವನೇ ಒಳ್ಳೆಯ ಮಷಿನಿಸ್ಟ್.

ಕಾನೂನಿನ ಮಾತು ಮೊದಲೇ ಹೇಳಿಬಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಣೆಗೆ ಹೊರತಾದ ಮಾರ್ಪಾಡು ನಿಷಿದ್ಧ. 2019ರ ತಿದ್ದುಪಡಿಯ 182ಎ(4) ಕಲಂ ಅಡಿ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇಂಥ ಎಂಜಿನ್ನಿನ ಜಾಗ ಕೊಯಮತ್ತೂರಿನ ಕರಿ ಟ್ರ್ಯಾಕು, ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕು ಮತ್ತು ಅಧಿಕೃತ ಡ್ರ್ಯಾಗ್ ಸ್ಪರ್ಧೆಗಳು. ಕಾರನ್ನು ಅಲ್ಲಿಗೆ ಟ್ರೈಲರ್ ಮೇಲೆ ಒಯ್ಯಬೇಕು.

ಬ್ಲಾಕ್ ಆರಿಸುವುದು

ಈಗ ಸಿಗುವ ಬ್ಲಾಕುಗಳಿಗೆಲ್ಲ ವಯಸ್ಸಾಗಿದೆ. ಹಲವು ಕಾರುಗಳ ರೇಡಿಯೇಟರಿಗೆ ಕೂಲೆಂಟ್ ಬದಲು ಬರೀ ಬೋರ್‌ವೆಲ್ ನೀರು ಬಿದ್ದಿರುತ್ತದೆ. ನೀರಿನ ಗಡಸುತನ ಒಳಗೆ ಬಿಳಿ ಕಿಟ್ಟವಾಗಿ ಕಟ್ಟಿಕೊಳ್ಳುತ್ತದೆ, ಕಬ್ಬಿಣ ತುಕ್ಕು ಹಿಡಿದು ನೀರಿನ ಬದಿಯಿಂದ ಗೋಡೆ ಸವೆಯುತ್ತದೆ. ಬೋರಿನ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ ಹಿಂಬದಿಯ ಕಥೆ ಬೇರೆ ಇರಬಹುದು. ಬ್ಲಾಕಿನ ಬದಿಯ ತಗಡಿನ ಪ್ಲಗ್‌ಗಳನ್ನು ಕಿತ್ತು ಟಾರ್ಚ್ ಬಿಟ್ಟು ನೋಡಿದ ಮೇಲೆ ದುಡ್ಡು ಕೊಡಿ.

ಬಿಚ್ಚುವಾಗ, ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಐದು ಮೇನ್ ಕ್ಯಾಪ್‌ಗಳ ಸಂಖ್ಯೆ ಮತ್ತು ದಿಕ್ಕನ್ನು ಗುರುತು ಮಾಡಿಕೊಳ್ಳಿ. ಕ್ಯಾಪ್‌ಗಳನ್ನು ಕಾರ್ಖಾನೆಯಲ್ಲಿ ಬ್ಲಾಕಿಗೆ ಬಿಗಿದೇ ಕೊರೆದಿರುತ್ತಾರೆ, ಜಾಗ ಅದಲುಬದಲಾದರೆ ಕ್ರ್ಯಾಂಕ್ ತಿರುಗುವುದೇ ಇಲ್ಲ. ಆಯಿಲ್ ಗ್ಯಾಲರಿಯ ಪ್ಲಗ್‌ಗಳು, ಪಿಸ್ಟನ್ ತಳಕ್ಕೆ ಎಣ್ಣೆ ಚಿಮ್ಮಿಸುವ ನಾಲ್ಕು ಜೆಟ್‌ಗಳು, ಡೋವೆಲ್‌ಗಳು ಎಲ್ಲವೂ ಹೊರಬರಲಿ. ಆಮೇಲೆ ಬಿಸಿ ರಾಸಾಯನಿಕ ತೊಟ್ಟಿಯಲ್ಲಿ ಬ್ಲಾಕ್ ತೊಳೆಸಿ.

ತೊಳೆದ ಬ್ಲಾಕಿಗೆ ಮೂರು ಪರೀಕ್ಷೆ. ಒಂದು, ಕಾಂತೀಯ ಪುಡಿಯಿಂದ ಬಿರುಕು ಹುಡುಕುವುದು. ಬೋರ್‌ಗಳ ನಡುವಿನ ಪಟ್ಟಿ, ಹೆಡ್ ಬೋಲ್ಟ್ ತೂತುಗಳ ಸುತ್ತ, ಮೇನ್ ಬೇರಿಂಗ್ ಹೊತ್ತ ಗೋಡೆಗಳು ಮುಖ್ಯ. ಎರಡು, ನೀರಿನ ದಾರಿಗಳನ್ನು ಮುಚ್ಚಿ ಗಾಳಿ ಒತ್ತಡ ಕೊಟ್ಟು ಸೋರಿಕೆ ನೋಡುವುದು. ಮೂರು, ಅಲ್ಟ್ರಾಸಾನಿಕ್ ಗೇಜಿನಿಂದ ಗೋಡೆಯ ದಪ್ಪ ಅಳೆಯುವುದು. ಈ ಮೂರನೆಯದನ್ನೇ ಹಲವರು ಬಿಟ್ಟುಬಿಡುತ್ತಾರೆ, ನಮಗೆ ಅದೇ ಎಲ್ಲಕ್ಕಿಂತ ದೊಡ್ಡದು. ಎರಕ ಹೊಯ್ಯುವಾಗ ಒಳಗಿನ ಅಚ್ಚು ತುಸು ಸರಿದರೂ ಒಂದು ಬದಿಯ ಗೋಡೆ ದಪ್ಪವಾಗಿ, ಎದುರು ಬದಿಯದು ತೆಳುವಾಗುತ್ತದೆ. ಪ್ರತಿ ಬೋರಿಗೆ ಮೇಲೆ, ನಡುವೆ, ಕೆಳಗೆ ಎಂದು ಮೂರು ಮಟ್ಟ, ಪ್ರತಿ ಮಟ್ಟದಲ್ಲಿ ನಾಲ್ಕು ದಿಕ್ಕು, ಒಟ್ಟು 12 ಓದು. ಪವರ್ ಸ್ಟ್ರೋಕಿನಲ್ಲಿ ಪಿಸ್ಟನ್ ಒತ್ತುವ ಬದಿಯಲ್ಲಿ, ಬೋರ್ ಮಾಡಿದ ಮೇಲೂ 4 ಮಿ.ಮೀ. ಉಳಿಯದಂತಿದ್ದರೆ ಆ ಬ್ಲಾಕ್ ಈ ಕೆಲಸಕ್ಕೆ ಬೇಡ. ಇನ್ನೊಂದನ್ನು ಹುಡುಕಿ.

ಎಷ್ಟು ಬೋರ್ ಮಾಡಬೇಕು

81.5 ಮಿ.ಮೀ. ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರಣ ಲೆಕ್ಕದಲ್ಲೇ ಇದೆ. ಈ ಬ್ಲಾಕಿನಲ್ಲಿ ಒಂದು ಬೋರಿನ ನಡುಬಿಂದುವಿನಿಂದ ಇನ್ನೊಂದರದಕ್ಕೆ 88 ಮಿ.ಮೀ. ಅಂದರೆ 81 ಮಿ.ಮೀ. ಬೋರಿದ್ದಾಗ ಎರಡರ ನಡುವೆ ಗ್ಯಾಸ್ಕೆಟ್ ಕೂರಲು 7 ಮಿ.ಮೀ. ಪಟ್ಟಿ. 83ಕ್ಕೆ ಹೋದರೆ ಉಳಿಯುವುದು 5. ಹೆಚ್ಚು ಬೂಸ್ಟಿನಲ್ಲಿ ಹೆಡ್ ಗ್ಯಾಸ್ಕೆಟ್ ಮೊದಲು ಸೋಲುವ ಜಾಗವೂ ಈ ಪಟ್ಟಿಯೇ. ಗೋಡೆಯ ಬಾಗದ ಗುಣ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 5 ಮಿ.ಮೀ. ಗೋಡೆ 4.25ಕ್ಕೆ ಇಳಿದರೆ ಹೋಗುವುದು ಶೇ. 15ರಷ್ಟು ಲೋಹ, ಆದರೆ ಬಿಗುವಿನಲ್ಲಿ ಹೆಚ್ಚುಕಡಿಮೆ ಶೇ. 39.

ಇಷ್ಟು ಕಳೆದುಕೊಂಡು ಸಿಗುವುದೇನು? 81.5 ಬೋರಿನಲ್ಲಿ 1803 ಸಿಸಿ, 83ರಲ್ಲಿ 1870 ಸಿಸಿ. ಶೇ. 4ಕ್ಕೂ ಕಡಿಮೆ. ಬೂಸ್ಟನ್ನು 1.5 ಬಾರ್‌ನಿಂದ 1.6ಕ್ಕೆ ಏರಿಸಿದರೆ ಅಷ್ಟೇ ಗಾಳಿ ಒಳಗೆ ಬರುತ್ತದೆ. ದೊಡ್ಡ ಟರ್ಬೊ ಬೇಗ ಎದ್ದೇಳಲಿ ಎಂದು ಸಿಸಿ ಬೇಕೇಬೇಕು ಅನ್ನುವವರಿಗೆ 92.8 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ ಒಳ್ಳೆಯ ದಾರಿ, ಅದು ಗೋಡೆಯನ್ನು ಮುಟ್ಟುವುದಿಲ್ಲ. ಆಗ ಪಿಸ್ಟನ್ನಿನ ಪಿನ್ ಎತ್ತರ (ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗೆ) ಬದಲಾಗುತ್ತದೆ. ಡೆಕ್ ಎತ್ತರ (ಕ್ರ್ಯಾಂಕಿನ ನಡುವಿನಿಂದ ಹೆಡ್ ಕೂರುವ ಮೇಲ್ಮೈವರೆಗೆ) 220, ರಾಡ್ ಉದ್ದ 144 ಎಂದು ಹಿಡಿದರೆ 86.4 ಕ್ರ್ಯಾಂಕಿಗೆ 32.8 ಮಿ.ಮೀ., 92.8ಕ್ಕೆ 29.6 ಮಿ.ಮೀ. ಆರ್ಡರ್ ಮಾಡುವ ಮುಂಚೆ ಪಿನ್ನಿನ ದಪ್ಪವನ್ನೂ ನೋಡಿ. ಈ ಎಂಜಿನ್ನಿನ ಕುಟುಂಬದಲ್ಲಿ 19 ಮಿ.ಮೀ. ಪಿನ್ನೂ ಇದೆ, 20 ಮಿ.ಮೀ. ಪಿನ್ನೂ ಇದೆ.

ಬೋರಿನಲ್ಲಿ ಆಳವಾದ ಗೀರಿದ್ದರೆ ಡ್ರೈ ಲೈನರ್ (ಬೋರಿನೊಳಗೆ ಒತ್ತಿ ಕೂರಿಸುವ ತೆಳು ಕೊಳವೆ) ಹಾಕಿ ಉಳಿಸೋಣ ಎಂದು ರೀಬೋರ್ ಅಂಗಡಿಯವರು ಹೇಳುತ್ತಾರೆ. ಮಾಮೂಲಿ ಓಡಾಟದ ಎಂಜಿನ್ನಿಗೆ ಅದು ಸರಿಯಾದ ಸಲಹೆ. ಈ ಎಂಜಿನ್ನಿಗಲ್ಲ. 2.5 ಮಿ.ಮೀ. ಗೋಡೆಯ ಎರಡು ಲೈನರ್ ಅಕ್ಕಪಕ್ಕ ಕೂತರೆ 7 ಮಿ.ಮೀ. ಪಟ್ಟಿಯಲ್ಲಿ ಬ್ಲಾಕಿನ ಸ್ವಂತ ಲೋಹ 2 ಮಿ.ಮೀ. ಮಾತ್ರ. ಬಿಸಿ ಏರಿಳಿದಂತೆ ಲೈನರ್ ಕೂದಲೆಳೆಯಷ್ಟು ಕೆಳಗಿಳಿದರೂ ಗ್ಯಾಸ್ಕೆಟ್ ಹೊಡೆಯುತ್ತದೆ.

ಕೆಲಸದ ಸರದಿ

ಮೊದಲು ದಾರಗಳು ಮತ್ತು ತೂತುಗಳು, ಆಮೇಲೆ ಮೇನ್ ಸಾಲು, ಆಮೇಲೆ ಡೆಕ್ (ಹೆಡ್ ಕೂರುವ ಮೇಲ್ಮೈ), ಆಮೇಲೆ ಬೋರ್, ಕೊನೆಗೆ ಹೋನಿಂಗ್, ಅಂದರೆ ಕಲ್ಲಿನಿಂದ ಉಜ್ಜಿ ಬೋರನ್ನು ಕೊನೆಯ ಅಳತೆಗೆ ತರುವುದು. ಈ ಸರದಿ ತಪ್ಪಬಾರದು, ಯಾಕೆಂದರೆ ಮುಂದಿನ ಪ್ರತಿ ಅಳತೆಗೂ ಹಿಂದಿನದೇ ಆಧಾರ. ಬೋರ್ ಮಾಡಿದ ಮೇಲೆ ಮೇನ್ ಸ್ಟಡ್ (ಬ್ಲಾಕಿಗೆ ತಿರುಗಿಸಿಟ್ಟು ಮೇಲಿಂದ ನಟ್ ಬಿಗಿಯುವ ದಾರದ ಕಂಬಿ) ಹಾಕಿದರೆ ಸಾಲು ಸರಿಯುತ್ತದೆ, ಬೋರ್ ಕ್ರ್ಯಾಂಕಿಗೆ ಲಂಬವಾಗಿ ಉಳಿಯುವುದಿಲ್ಲ.

ಹೆಡ್ ಬೋಲ್ಟಿನ 10 ತೂತುಗಳೂ ಎಂ10 ದಾರದವು. ಅವನ್ನು ಸ್ವಚ್ಛ ಮಾಡಲು ಲೋಹ ಕೊರೆಯುವ ಟ್ಯಾಪ್ ಬಳಸಬೇಡಿ. ಅದು ದಾರದಿಂದಲೂ ತುಸು ಕತ್ತರಿಸಿಕೊಂಡು ಹೋಗಿ ಹಿಡಿತ ಸಡಿಲ ಮಾಡುತ್ತದೆ. ದಾರವನ್ನು ಸರಿಪಡಿಸಲೆಂದೇ ಬರುವ ಚೇಸರ್ ಬೇಕು. ತೂತಿನ ಬಾಯಿಗೆ ಸಣ್ಣ ಚೇಂಫರ್ (ಓರೆ ಅಂಚು) ಕೊಡಿ. ಇಲ್ಲದಿದ್ದರೆ ಸ್ಟಡ್ ಬಿಗಿದಾಗ ಮೊದಲ ದಾರ ಮೇಲೆದ್ದು ಡೆಕ್ ಮೇಲೆ ಉಬ್ಬು ಬರುತ್ತದೆ, ಆ ಉಬ್ಬು ಹೆಡ್ಡನ್ನು ಅಲ್ಲೇ ಎತ್ತಿ ಹಿಡಿಯುತ್ತದೆ. ತೂತಿನ ತಳದಲ್ಲಿ ಎಣ್ಣೆ ನೀರು ನಿಲ್ಲದಂತೆ ಗಾಳಿ ಹೊಡೆಯಿರಿ. ತಳದಲ್ಲಿ ಸಿಕ್ಕಿಕೊಂಡ ದ್ರವ ಬಿಗಿಯುವಾಗ ಹೋಗಲು ದಾರಿಯಿಲ್ಲದೆ ಬೀಡು ಕಬ್ಬಿಣವನ್ನೇ ಸೀಳುತ್ತದೆ.

ಕಾರ್ಖಾನೆ ಒತ್ತಿ ಕೂರಿಸಿದ ಗ್ಯಾಲರಿ ಪ್ಲಗ್‌ಗಳ ಜಾಗದಲ್ಲಿ ದಾರ ಹೊಡೆದು ಸ್ಕ್ರೂ ಪ್ಲಗ್ ಹಾಕಿದರೆ ಮುಂದೆ ಎಷ್ಟು ಸಲ ಬೇಕಾದರೂ ಬಿಚ್ಚಿ ತೊಳೆಯಬಹುದು. ಆದರೆ ಪ್ಲಗ್ ಆಳಕ್ಕೆ ಹೋಗಿ ಪಕ್ಕದಿಂದ ಬರುವ ಎಣ್ಣೆ ದಾರಿಯನ್ನು ಮುಚ್ಚಿತೇ ಎಂದು ತಂತಿ ತೂರಿಸಿ ಖಾತ್ರಿ ಮಾಡಿಕೊಳ್ಳಿ. ಎಣ್ಣೆ ಸಿಗದ ಮೇನ್ ಬೇರಿಂಗ್ ಕರಗಲು ನಿಮಿಷಗಳು ಸಾಕು.

ಮೇನ್ ಸಾಲು

ಕಂಪನಿಯ ಮೇನ್ ಬೋಲ್ಟು 65 ನ್ಯೂಟನ್ ಮೀಟರ್, ಆಮೇಲೆ ಇನ್ನೂ 90 ಡಿಗ್ರಿ. ಅದು ಎಳೆದು ಹಿಗ್ಗುವ ಬೋಲ್ಟು, ಬಿಚ್ಚಿದಾಗಲೆಲ್ಲ ಹೊಸದು ಬೇಕು. 400 ಅಶ್ವಶಕ್ತಿಯ ಆಸುಪಾಸಿಗೆ ಹೋಗುವವರು ಸ್ಟಡ್ ಹಾಕಿ. ಬೋಲ್ಟು ಬಿಗಿಯುವಾಗ ಒಂದೇ ಸಲ ತಿರುಚಿಕೊಂಡು ಹಿಗ್ಗಬೇಕು. ಸ್ಟಡ್ ಬರೀ ಹಿಗ್ಗುತ್ತದೆ, ತಿರುಚುವ ಕೆಲಸ ನಟ್ಟಿನದು. ಹಾಗಾಗಿ ಹಿಡಿತ ಹೆಚ್ಚು ಸಮವಾಗಿ ಬರುತ್ತದೆ.

ಸ್ಟಡ್ ಬಂದ ಮೇಲೆ ಕ್ಯಾಪ್ ಬೇರೆ ಬಲದಲ್ಲಿ ಹಿಡಿಯುತ್ತದೆ, ತೂತಿನ ಆಕಾರ ಬದಲಾಗುತ್ತದೆ. ಎಲ್ಲ ಕ್ಯಾಪ್‌ಗಳನ್ನೂ ಕೊನೆಯ ಟಾರ್ಕಿಗೆ ಬಿಗಿದು ಬೋರ್ ಗೇಜಿನಿಂದ ಮೂರು ದಿಕ್ಕಿನಲ್ಲಿ ಅಳೆಯಿರಿ. ದುಂಡು 0.01 ಮಿ.ಮೀ. ಒಳಗೆ ಕೆಟ್ಟಿದ್ದರೆ ಮುಟ್ಟಬೇಡಿ. ಹೆಚ್ಚಿದ್ದರೆ ಲೈನ್ ಹೋನಿಂಗ್. ಅದಕ್ಕೆ ಕ್ಯಾಪ್‌ಗಳ ಕೂರುವ ಮುಖದಿಂದ 0.05 ಮಿ.ಮೀ. ಆಸುಪಾಸು ತೆಗೆದು, ತೂತು ಸಣ್ಣದಾಗಿಸಿ, ಮತ್ತೆ ದುಂಡಗೆ ಹೋನ್ ಮಾಡುತ್ತಾರೆ. ಬ್ಲಾಕಿನ ಬದಿಯಿಂದ ಹೆಚ್ಚು ತೆಗೆದರೆ ಕ್ರ್ಯಾಂಕ್ ಹೆಡ್ಡಿನ ಕಡೆಗೆ ಏರುತ್ತದೆ, ಪಿಸ್ಟನ್ನೂ ಅದರ ಜೊತೆ ಏರುತ್ತದೆ. ಕಲ್ಲಿನ ಒತ್ತಡ ಕ್ಯಾಪಿನ ಬದಿಗೆ ಇರಲಿ ಎಂದು ಮಷಿನಿಸ್ಟ್‌ಗೆ ಹೇಳಿ.

ಡೆಕ್

ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕುವುದಾದರೆ ಮೇಲ್ಮೈ ನುಣುಪಾಗಿರಬೇಕು, ಒರಟುತನ ಆರ್‌ಎ ಅಳತೆಯಲ್ಲಿ 1.25 ಮೈಕ್ರಾನ್‌ಗಿಂತ ಕಡಿಮೆ. ಕಲ್ಲಿನ ಸರ್ಫೇಸ್ ಗ್ರೈಂಡರಿನಲ್ಲಿ ತರಾತುರಿಯಿಂದ ಮಾಡಿದ ಮೇಲ್ಮೈ ಕಣ್ಣಿಗೆ ಹೊಳೆದರೂ ಗೀರು ಆಳವಾಗಿರುತ್ತದೆ. ಸಿಬಿಎನ್ (ಬಹಳ ಗಡಸಾದ ಬೋರಾನ್ ನೈಟ್ರೈಡ್) ಟಿಪ್ಪಿನ ಮಿಲ್ಲಿಂಗ್ ಇರುವ ಅಂಗಡಿ ಸಿಕ್ಕರೆ ಅಲ್ಲಿಗೇ ಹೋಗಿ. ಮಟ್ಟ ಉದ್ದಕ್ಕೂ 0.05 ಮಿ.ಮೀ. ಒಳಗಿರಲಿ. ಬ್ಲಾಕನ್ನು ಮೇಜಿಗೆ ಹಿಡಿಸುವಾಗ ಆಧಾರ ಮೇನ್ ಸಾಲಿನದಾಗಿರಬೇಕು, ಸಂಪು ಕೂರುವ ಮುಖದ್ದಲ್ಲ.

ಕನಿಷ್ಠ ತೆಗೆಯಿರಿ. 0.1 ಮಿ.ಮೀ. ತೆಗೆದರೆ 81.5 ಬೋರಿನಲ್ಲಿ ಉರಿಯುವ ಜಾಗ 0.52 ಸಿಸಿ ಇಳಿಯುತ್ತದೆ. 9.0 ಇದ್ದ ಕಂಪ್ರೆಷನ್ ಸುಮಾರು 9.07 ಆಗುತ್ತದೆ. ಸಂಖ್ಯೆ ಸಣ್ಣದು, ಆದರೆ ಹೆಡ್ಡಿಗೂ ಹಿಂದೆ ಒಂದೆರಡು ಸಲ ಫೇಸಿಂಗ್ ಆಗಿದ್ದರೆ ಎಲ್ಲ ಸೇರಿ ವಾಲ್ವ್ ಮತ್ತು ಪಿಸ್ಟನ್ ನಡುವಿನ ಜಾಗ ತಿನ್ನುತ್ತದೆ. ಪಿಸ್ಟನ್ ಆರಿಸುವಾಗ ಕಂಪ್ರೆಷನ್ 8.5ರಿಂದ 9.0ರ ನಡುವೆ ಇಟ್ಟುಕೊಳ್ಳಿ. 150 ಅಶ್ವಶಕ್ತಿಯ ಮೂಲ ಎಂಜಿನ್ನಿನ 9.5, ದೊಡ್ಡ ಟರ್ಬೊದ ಜೊತೆ ಬಂಕಿನ ಪೆಟ್ರೋಲಿನಲ್ಲಿ ನಾಕಿಂಗ್ (ಇಂಧನ ಅಂಕೆ ತಪ್ಪಿ ತಾನಾಗಿ ಸಿಡಿಯುವುದು) ಕರೆಯುತ್ತದೆ.

ಬೋರಿನ ಸುತ್ತ ಸಣ್ಣ ತೋಡು ಕೊರೆದು ಸ್ಟೀಲ್ ತಂತಿ ಕೂರಿಸಿ ತಾಮ್ರದ ಗ್ಯಾಸ್ಕೆಟ್ ಹಾಕುವ ಕ್ರಮವೂ ಇದೆ. ಅದು ಡ್ರ್ಯಾಗ್ ಕಾರಿಗೆ. ನೀರಿನ ಸೋರಿಕೆ ತಡೆಯುವುದು ಅದರಲ್ಲಿ ಕಷ್ಟ, ಈ ಗುರಿಗೆ ಅಗತ್ಯವೂ ಇಲ್ಲ. ನೀರಿನ ಕೋಣೆಯ ಕೆಳಭಾಗಕ್ಕೆ ಸಿಮೆಂಟಿನಂಥ ಫಿಲ್ಲರ್ ತುಂಬುವುದೂ ಹಾಗೇ. ಗೋಡೆ ಗಟ್ಟಿಯಾಗುತ್ತದೆ ನಿಜ, ಆದರೆ ಎಣ್ಣೆಯ ಬಿಸಿ ಏರುತ್ತದೆ, ಮತ್ತೆ ತೆಗೆಯಲು ಆಗುವುದಿಲ್ಲ. ಮಾಡಲೇಬೇಕೆಂದರೆ ಬೋರಿಂಗಿಗೆ ಮುಂಚೆ, ಕ್ಯಾಪ್‌ಗಳನ್ನೂ ಟಾರ್ಕ್ ಪ್ಲೇಟನ್ನೂ (ಹೆಡ್ಡಿನ ಬದಲು ಬಿಗಿಯುವ ದಪ್ಪ ಸ್ಟೀಲ್ ತಟ್ಟೆ) ಬಿಗಿದೇ ತುಂಬಬೇಕು.

ಬೋರಿಂಗ್ ಮತ್ತು ಹೋನಿಂಗ್

ಪಿಸ್ಟನ್ ಕೈಗೆ ಬರದೆ ಬೋರ್ ಮಾಡಿಸಬೇಡಿ. ಡಬ್ಬಿಯ ಮೇಲೆ 81.5 ಎಂದು ಬರೆದಿದ್ದರೂ ನಾಲ್ಕನ್ನೂ ಮೈಕ್ರೋಮೀಟರಿನಲ್ಲಿ, ತಯಾರಕರು ಹೇಳಿದ ಎತ್ತರದಲ್ಲೇ, ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ ಅಳೆದು, ಯಾವ ಪಿಸ್ಟನ್ ಯಾವ ಬೋರಿಗೆ ಎಂದು ಬರೆದಿಡಿ.

ಕಂಪನಿಯ ಲೆಕ್ಕದಲ್ಲಿ ಬೋರ್ 81.01, ಪಿಸ್ಟನ್ 80.965, ಅಂತರ 0.045 ಮಿ.ಮೀ. ಫೋರ್ಜ್ಡ್ (ಒತ್ತಿ ಬಡಿದು ಮಾಡಿದ) ಪಿಸ್ಟನ್ನಿಗೆ ಇದು ಸಾಲದು. 2618 ಅಲ್ಯುಮಿನಿಯಂ ಮಿಶ್ರಲೋಹ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಅದಕ್ಕೆ 0.075ರಿಂದ 0.10 ಮಿ.ಮೀ. ಬೇಕು. ತಣ್ಣಗಿದ್ದಾಗ ಪಿಸ್ಟನ್ ಟಕಟಕ ಅನ್ನುತ್ತದೆ, ಬಿಸಿಯಾದರೆ ಸದ್ದು ನಿಲ್ಲುತ್ತದೆ. 4032 ಮಿಶ್ರಲೋಹದಲ್ಲಿ ಸಿಲಿಕಾನ್ ಹೆಚ್ಚು, ಹಿಗ್ಗುವುದು ಕಡಿಮೆ, 0.05ರಿಂದ 0.065ಕ್ಕೆ ನಡೆಯುತ್ತದೆ. ಆದರೆ ನಾಕಿಂಗ್ ಹೊಡೆತಕ್ಕೆ ಬೇಗ ಸೀಳುತ್ತದೆ. ಟರ್ಬೊಗೆ ನಾವು ಒಪ್ಪುವುದು 2618. ಪಿಸ್ಟನ್ ಜೊತೆ ಬಂದ ಚೀಟಿಯ ಸಂಖ್ಯೆ ಬೇರೆ ಇದ್ದರೆ ಆ ಚೀಟಿಯೇ ಅಂತಿಮ. ರೀಬೋರ್ ಅಂಗಡಿಯಲ್ಲಿ “ನಾವು ಎಲ್ಲಾದಕ್ಕೂ ಇಷ್ಟೇ ಬಿಡೋದು” ಎಂದರೆ ಚೀಟಿ ಮುಂದಿಟ್ಟು ಬರೆಸಿಕೊಳ್ಳಿ.

ಸಣ್ಣ ಅಂಗಡಿಗಳಲ್ಲಿ ಬೋರಿಂಗ್ ಬಾರನ್ನು ನೇರ ಡೆಕ್ ಮೇಲೆ ಕೂರಿಸುತ್ತಾರೆ. ಡೆಕ್ ಓರೆಯಿದ್ದರೆ ಬೋರೂ ಓರೆ. ಮೇನ್ ಸಾಲನ್ನು ಆಧಾರ ಹಿಡಿಯುವ ಯಂತ್ರ ಪೀಣ್ಯದಲ್ಲೋ ಕೊಯಮತ್ತೂರಿನಲ್ಲೋ ಹುಡುಕಿದರೆ ಸಿಗುತ್ತದೆ, ಆ ಓಡಾಟಕ್ಕೆ ಬೆಲೆಯಿದೆ. ಬೋರಿಂಗ್ 81.5ರ ಕೊನೆಯ ಅಳತೆಗೆ 0.08 ಮಿ.ಮೀ. ಮುಂಚೆ ನಿಲ್ಲಲಿ. ಬೋರಿಂಗ್ ಟೂಲ್ ಕಬ್ಬಿಣದ ಮೇಲ್ಪದರವನ್ನು ಹರಿದಿರುತ್ತದೆ, ಆ ಹರಿದ ಪದರವನ್ನು ತೆಗೆಯುವುದು ಹೋನಿಂಗ್.

ಇಲ್ಲಿ ಟಾರ್ಕ್ ಪ್ಲೇಟ್ ಬರುತ್ತದೆ. ಹೆಡ್ ಬಿಗಿದಾಗ ಪ್ರತಿ ಬೋರಿನ ಸುತ್ತಲಿನ ನಾಲ್ಕು ಸ್ಟಡ್‌ಗಳು ಬ್ಲಾಕಿನ ಲೋಹವನ್ನು ಮೇಲಕ್ಕೆಳೆಯುತ್ತವೆ, ಬೋರಿನ ಮೇಲ್ಭಾಗ ದುಂಡು ಕಳೆದುಕೊಳ್ಳುತ್ತದೆ. ಬರೀ ಬ್ಲಾಕಿನಲ್ಲಿ ದುಂಡಗೆ ಹೋನ್ ಮಾಡಿದರೆ ಹೆಡ್ ಬಿಗಿದ ಕ್ಷಣ ಅದು ದುಂಡಗಿಲ್ಲ, ರಿಂಗ್ ಅಲ್ಲಲ್ಲಿ ಗೋಡೆ ಬಿಡುತ್ತದೆ. 40ರಿಂದ 50 ಮಿ.ಮೀ. ದಪ್ಪದ ಸ್ಟೀಲ್ ಪ್ಲೇಟಿನಲ್ಲಿ ಬೋರಿಗಿಂತ ದೊಡ್ಡ ನಾಲ್ಕು ಕಿಂಡಿ ಕೊರೆಸಿ, ಕೊನೆಗೆ ಬಳಸುವ ಅದೇ ಸ್ಟಡ್, ಅದೇ ಬಗೆಯ ಗ್ಯಾಸ್ಕೆಟ್, ಅದೇ ಟಾರ್ಕಿನಲ್ಲಿ ಬ್ಲಾಕಿಗೆ ಬಿಗಿಯಿರಿ. ಮೇನ್ ಕ್ಯಾಪ್‌ಗಳೂ ಬಿಗಿದಿರಲಿ. ಪ್ಲೇಟ್ ಮಾಡಿಸುವ ಖರ್ಚು ಒಂದು ಜೊತೆ ಪಿಸ್ಟನ್ನಿನ ಖರ್ಚಿನ ಮುಂದೆ ಏನೂ ಅಲ್ಲ. ಒಂದೇ ಎಂಜಿನ್ ಇಟ್ಟುಕೊಂಡ ನಾಲ್ಕು ಗೆಳೆಯರು ಸೇರಿ ಒಂದು ಮಾಡಿಸಿಟ್ಟುಕೊಳ್ಳಬಹುದು.

ಕಲ್ಲು 220 ಗ್ರಿಟ್‌ನಿಂದ ಶುರು, 280ರಲ್ಲಿ ಅಳತೆಗೆ ಹತ್ತಿರ, ಕೊನೆಯ 0.01 ಮಿ.ಮೀ. 400ರಲ್ಲಿ. ಆಮೇಲೆ ಪ್ಲಾಟೊ ಬ್ರಷ್ ಕೆಲವು ಓಟ. ಇದು ಗೀರುಗಳ ಮೊನಚು ತುದಿಯನ್ನು ಮುರಿದು ಎಣ್ಣೆ ಹಿಡಿಯುವ ಕಣಿವೆಯನ್ನು ಉಳಿಸುತ್ತದೆ. ಅಡ್ಡಗೀರುಗಳ ನಡುವಿನ ಕೋನ 45 ಡಿಗ್ರಿ ಆಸುಪಾಸು. ತೀರಾ ಮಲಗಿದ ಗೀರಿನಲ್ಲಿ ರಿಂಗ್ ಕುಣಿಯುತ್ತದೆ, ತೀರಾ ನಿಂತ ಗೀರಿನಲ್ಲಿ ಎಣ್ಣೆ ಜಾರಿಹೋಗುತ್ತದೆ. ಮೇಲಿಂದ ಕೆಳಗೆ ಓರೆ, ಅಡ್ಡ ಉದ್ದದ ದುಂಡು, ಎರಡೂ 0.01 ಮಿ.ಮೀ. ಒಳಗಿರಬೇಕು.

ಬಿಸಿಲಿನ ಲೆಕ್ಕ ಮರೆಯಬೇಡಿ. 10 ಡಿಗ್ರಿ ಏರಿಕೆಗೆ 81.5 ಮಿ.ಮೀ. ಕಬ್ಬಿಣದ ಬೋರ್ ಸುಮಾರು 9 ಮೈಕ್ರಾನ್ ಹಿಗ್ಗುತ್ತದೆ, ಅಲ್ಯುಮಿನಿಯಂ ಪಿಸ್ಟನ್ ಅದರ ಎರಡರಷ್ಟು. ಹೋನಿಂಗ್ ಘರ್ಷಣೆಯಲ್ಲಿ ಬ್ಲಾಕ್ 40 ಡಿಗ್ರಿಗೆ ಏರಿರುವಾಗಲೇ ಗೇಜ್ ಇಟ್ಟು “ಬಂತು” ಎಂದು ನಿಲ್ಲಿಸಿದರೆ, ರಾತ್ರಿ 20 ಡಿಗ್ರಿಗೆ ತಣಿದ ಮೇಲೆ ಅದೇ ಬೋರ್ 18 ಮೈಕ್ರಾನ್ ಸಣ್ಣದಾಗಿರುತ್ತದೆ. ಬೇಸಿಗೆಯಲ್ಲಿ ಕೊನೆಯ ಹೋನಿಂಗ್ ಬೆಳಗ್ಗೆ ಮಾಡಿಸಿ. ಪಿಸ್ಟನ್, ಮೈಕ್ರೋಮೀಟರ್, ಬ್ಲಾಕ್ ಒಂದೇ ಕೋಣೆಯಲ್ಲಿ ರಾತ್ರಿಯೆಲ್ಲ ಇದ್ದಿರಲಿ. ಬೋರಿನ ಬಾಯಿಗೆ ಅರ್ಧ ಮಿ.ಮೀ. ಚೇಂಫರ್ ಇದ್ದರೆ ರಿಂಗ್ ಮುರಿಯದೆ ಒಳಗಿಳಿಯುತ್ತದೆ.

ತೊಳೆಯುವುದು

ಗ್ಯಾರೇಜುಗಳಲ್ಲಿ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ಲಾಕ್ ತೊಳೆಯುವ ಅಭ್ಯಾಸ ಹಳೆಯದು. ಗ್ರೀಸ್ ಬಿಡಿಸಲು ಅದು ಸರಿ. ಹೋನಿಂಗ್ ಆದ ಬೋರಿಗೆ ಅದು ವಿಷ. ಕಲ್ಲಿನ ಪುಡಿ ಎಣ್ಣೆಯ ಜೊತೆ ಗೀರಿನ ಕಣಿವೆಗಳಿಗೆ ಇನ್ನೂ ಆಳಕ್ಕೆ ಇಳಿದು ಅಲ್ಲೇ ಕೂರುತ್ತದೆ, ಎಂಜಿನ್ ಶುರುವಾದ ಮೇಲೆ ರಿಂಗ್‌ಗಳನ್ನೂ ಬೇರಿಂಗ್‌ಗಳನ್ನೂ ಅರೆಯುತ್ತದೆ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಗಡಸು ನೈಲಾನ್ ಬ್ರಷ್ ಇವು ಮಾತ್ರ ಬಳಸಿ. ನೊರೆ ಬಿಳಿಯಾಗಿ ಉಳಿಯುವವರೆಗೆ ಉಜ್ಜಿ. ಆಯಿಲ್ ಗ್ಯಾಲರಿಗಳಿಗೆ ಉದ್ದನೆಯ ಬ್ರಷ್, ಎರಡೂ ಕಡೆಯಿಂದ. ಒಣಗಿಸಿ, ಬಿಳಿ ಹತ್ತಿ ಬಟ್ಟೆಯನ್ನು ತೆಳು ಎಣ್ಣೆಯಲ್ಲಿ ಅದ್ದಿ ಬೋರ್ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ಮೊದಲಿನಿಂದ. ನಾಲ್ಕೈದು ಸಲ ಬೇಕಾಗುವುದು ಮಾಮೂಲು. ಒಣಗಿದ ಬೀಡು ಕಬ್ಬಿಣಕ್ಕೆ ಕೆಲವೇ ನಿಮಿಷದಲ್ಲಿ ಕೆಂಪು ತುಕ್ಕು ಹತ್ತುತ್ತದೆ, ಮಳೆಗಾಲದಲ್ಲಂತೂ ಕಣ್ಣೆದುರೇ. ಒರೆಸಿದ ಕೂಡಲೆ ಎಣ್ಣೆ ಸವರಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ.

ಜೋಡಣೆಯ ಅಳತೆಗಳು

ಮೇನ್ ಜರ್ನಲ್ 54 ಮಿ.ಮೀ., ರಾಡ್ ಜರ್ನಲ್ 47.8 ಮಿ.ಮೀ. ಬೇರಿಂಗ್ ಅಂತರ ಮೇನಿನಲ್ಲಿ 0.045ರಿಂದ 0.055, ರಾಡಿನಲ್ಲಿ 0.045ರಿಂದ 0.06 ಮಿ.ಮೀ. ಇರಲಿ. ಕಂಪನಿಯ ಅಂತರಕ್ಕಿಂತ ಇದು ತುಸು ಸಡಿಲ. ಹೆಚ್ಚು ಹೊರೆಗೆ ಕ್ರ್ಯಾಂಕ್ ಬಾಗುತ್ತದೆ, ಬಾಗಿದಾಗಲೂ ಎಣ್ಣೆಯ ಪದರ ಉಳಿಯಬೇಕು. ಪ್ಲಾಸ್ಟಿಗೇಜ್ ಪಟ್ಟಿ ಅಂದಾಜಿಗೆ ಸಾಕು, ನಿರ್ಧಾರ ಬೋರ್ ಗೇಜಿನದು. ಕ್ರ್ಯಾಂಕಿನ ಉದ್ದದ ಆಟ 0.07ರಿಂದ 0.23 ಮಿ.ಮೀ.

ರಿಂಗ್ ಗ್ಯಾಪ್ ವಿಷಯದಲ್ಲಿ ಜಿಪುಣತನ ಬೇಡ. ಬೂಸ್ಟ್ ಹೆಚ್ಚಿದಂತೆ ಮೇಲಿನ ರಿಂಗ್ ಕಾಯುತ್ತದೆ, ಹಿಗ್ಗುತ್ತದೆ. ತುದಿಗಳು ಒಂದಕ್ಕೊಂದು ಮುಟ್ಟಿದರೆ ಮತ್ತೆ ಹಿಗ್ಗಲು ಜಾಗವಿಲ್ಲ, ರಿಂಗ್ ಬೋರಿಗೆ ಕಚ್ಚಿ ಪಿಸ್ಟನ್ನಿನ ಮೇಲಂಚನ್ನು ಕಿತ್ತೆಸೆಯುತ್ತದೆ. ಬೋರನ್ನು 0.0055ರಿಂದ ಗುಣಿಸಿ: 81.5ಕ್ಕೆ 0.45 ಮಿ.ಮೀ. ಎರಡನೆಯ ರಿಂಗ್ 0.50. ನಡುವೆ ಸಿಕ್ಕಿಕೊಂಡ ಅನಿಲಕ್ಕೆ ಕೆಳಗಿಳಿಯಲು ದಾರಿ ಬೇಕು, ಇಲ್ಲದಿದ್ದರೆ ಅದು ಮೇಲಿನ ರಿಂಗನ್ನು ಎತ್ತುತ್ತದೆ. ಗ್ಯಾಪನ್ನು ಟಾರ್ಕ್ ಪ್ಲೇಟ್ ಬಿಗಿದೇ, ರಿಂಗನ್ನು ಪಿಸ್ಟನ್ನಿನಿಂದ ಮಟ್ಟಸವಾಗಿ ಒಳಗೆ ತಳ್ಳಿ ಫೀಲರ್ ಗೇಜಿನಲ್ಲಿ ಅಳೆಯಿರಿ. ಅರದಿಂದ ಉಜ್ಜುವುದು ಒಂದೇ ದಿಕ್ಕಿನಲ್ಲಿ, ಹೊರಗಿನಿಂದ ಒಳಕ್ಕೆ.

ಎಣ್ಣೆ ಜೆಟ್‌ಗಳನ್ನು ಮತ್ತೆ ಕೂರಿಸಿ, ಪಿಸ್ಟನ್ ರಾಡ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ. ಫೋರ್ಜ್ಡ್ ಪಿಸ್ಟನ್ನಿನ ಸ್ಕರ್ಟು (ಕೆಳಬದಿಯ ಗೋಡೆ), ಅಗಲದ ಎಚ್-ಬೀಮ್ ರಾಡು ಎರಡೂ ಜೆಟ್ಟಿಗೆ ತಾಗಬಹುದು. 1.5 ಮಿ.ಮೀ. ಬಿಡುವು ಎಲ್ಲ ಕಡೆ ಬೇಕು. 92.8 ಕ್ರ್ಯಾಂಕ್ ಹಾಕಿದವರು ರಾಡ್ ಬೋಲ್ಟ್ ಬೋರಿನ ಕೆಳ ಅಂಚಿಗೆ ಎಷ್ಟು ಹತ್ತಿರ ಬರುತ್ತದೆ ಎಂದೂ ನೋಡಬೇಕು. ಅಂಚನ್ನು ಉಜ್ಜಬೇಕಾದರೆ ಮತ್ತೆ ಬಿಚ್ಚಿ, ಉಜ್ಜಿ, ತೊಳೆಯುವುದನ್ನು ಮತ್ತೆ ಶುರು ಮಾಡಿ. ಹಾಗಾಗಿ ಈ ಪರೀಕ್ಷೆಯನ್ನು ಹೋನಿಂಗಿಗೆ ಮುಂಚೆ ಹಳೆಯ ಬೇರಿಂಗ್ ಹಾಕಿ ಒಮ್ಮೆ ಮಾಡಿಟ್ಟುಕೊಂಡರೆ ದಿನ ಉಳಿಯುತ್ತದೆ.

ಕಂಪನಿಯ ಹೆಡ್ ಬೋಲ್ಟಿಗೆ 40 ನ್ಯೂಟನ್ ಮೀಟರ್, ಆಮೇಲೆ 90, ಮತ್ತೆ 90 ಡಿಗ್ರಿ. ಸ್ಟಡ್‌ಗೆ ಈ ಕ್ರಮ ಅನ್ವಯಿಸುವುದಿಲ್ಲ. ಸ್ಟಡ್ಡನ್ನು ಬ್ಲಾಕಿಗೆ ಕೈಬಿಗಿಯಷ್ಟೇ ತಿರುಗಿಸಿ, ನಟ್ಟಿಗೂ ವಾಷರಿಗೂ ಸ್ಟಡ್ ಜೊತೆ ಬಂದ ಲೂಬ್ರಿಕೆಂಟ್ ಹಚ್ಚಿ, ನಡುವಿನಿಂದ ಹೊರಕ್ಕೆ ಮೂರು ಹಂತದಲ್ಲಿ ಸ್ಟಡ್ ತಯಾರಕರ ಸಂಖ್ಯೆಗೆ ಬಿಗಿಯಿರಿ. ಆ ಸಂಖ್ಯೆ ಅದೇ ಲೂಬ್ರಿಕೆಂಟಿಗೆ ಕಟ್ಟಿದ್ದು. ಎಂಜಿನ್ ಆಯಿಲ್ ಹಚ್ಚಿ ಅದೇ ಟಾರ್ಕ್ ಕೊಟ್ಟರೆ ಘರ್ಷಣೆ ಹೆಚ್ಚಾಗಿ ಹಿಡಿತ ಕಡಿಮೆ ಬರುತ್ತದೆ, ಹೆಡ್ ಮೊದಲ ಬೂಸ್ಟಿಗೇ ಏಳುತ್ತದೆ.

ಕೆಟ್ಟರೆ ಎಲ್ಲಿ ನೋಡಬೇಕು

ಬೂಸ್ಟ್ ಬಂದಾಗ ಮಾತ್ರ ಕೂಲೆಂಟ್ ಡಬ್ಬಿಯಲ್ಲಿ ಒತ್ತಡ ಏರಿ, ನಿಧಾನ ಓಡಿಸುವಾಗ ಸರಿಯಿದ್ದರೆ ಹೆಡ್ ಏಳುತ್ತಿದೆ: ಸ್ಟಡ್ ಹಿಡಿತ, ತೂತಿನ ಬಾಯಿಯ ಉಬ್ಬು, ಡೆಕ್ಕಿನ ಒರಟುತನ ಈ ಕ್ರಮದಲ್ಲಿ ನೋಡಿ. ಆಯಿಲ್ ಮುಚ್ಚಳದಿಂದ ಹೊಗೆ ಧಾರಾಳವಾಗಿ ಬರುತ್ತಿದ್ದರೆ, ಪರೀಕ್ಷೆಯಲ್ಲಿ ಕಂಪ್ರೆಷನ್ ಚೆನ್ನಾಗಿಯೇ ಕಂಡರೂ, ಬೋರ್ ಹೆಡ್ ಬಿಗಿದ ಸ್ಥಿತಿಯಲ್ಲಿ ದುಂಡಗಿಲ್ಲ. ಟಾರ್ಕ್ ಪ್ಲೇಟ್ ಇಲ್ಲದ ಹೋನಿಂಗಿನ ಗುರುತು ಅದು. ಪಿಸ್ಟನ್ ಸ್ಕರ್ಟಿನ ನಾಲ್ಕು ಮೂಲೆಗಳಲ್ಲಿ ಉಜ್ಜಿದ ಗೀರು ಕಂಡರೆ ಅಂತರ ಸಾಲದು, ಬಿಸಿ ಬ್ಲಾಕನ್ನು ಅಳೆದಿದ್ದಾರೆ. ಬರೀ ಒಂದು ಬದಿಯಲ್ಲಿ ಗೀರಿದ್ದರೆ ಬೋರ್ ಓರೆಯಿದೆ, ಇಲ್ಲವೇ ಗೋಡೆ ತೆಳುವಾಗಿದೆ. ಎಲ್ಲ ಬೇರಿಂಗ್‌ಗಳಲ್ಲೂ ಸಣ್ಣ ಕಪ್ಪು ಚುಕ್ಕೆಗಳು ಹುದುಗಿದ್ದರೆ ತೊಳೆಯುವುದು ಪೂರ್ತಿಯಾಗಿರಲಿಲ್ಲ. ಒಂದೇ ಬೇರಿಂಗ್ ಕಪ್ಪಾಗಿದ್ದರೆ ಅದರ ಎಣ್ಣೆ ದಾರಿಯ ಪ್ಲಗ್ ನೋಡಿ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಇಂಧನ ನಿಲ್ಲಿಸಿ, ಗೇಜಿನಲ್ಲಿ ಆಯಿಲ್ ಒತ್ತಡ ಬರುವವರೆಗೆ ಕ್ರ್ಯಾಂಕ್ ಮಾಡಿ. ಮಿನರಲ್ ಎಣ್ಣೆ ಹಾಕಿ. ಸಿಂಥೆಟಿಕ್ ಆಮೇಲೆ. ಬಿಸಿಯಾದ ಮೇಲೆ ಬಹಳ ಹೊತ್ತು ಐಡಲಿನಲ್ಲಿ ಬಿಡಬೇಡಿ. ರಿಂಗ್‌ಗಳನ್ನು ಗೋಡೆಗೆ ಕೂರಿಸುವುದು ಸಿಲಿಂಡರಿನ ಒತ್ತಡ, ಮಧ್ಯಮ ಹೊರೆ ಕೊಟ್ಟು ಬಿಡುತ್ತಾ ಓಡಿಸಿ, ಬೂಸ್ಟ್ ಕನಿಷ್ಠ ಮಟ್ಟದಲ್ಲಿರಲಿ. 50 ಕಿ.ಮೀ. ಆದಾಗ ಎಣ್ಣೆ ಮತ್ತು ಫಿಲ್ಟರ್ ತೆಗೆಯಿರಿ, ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ನುಣ್ಣನೆಯ ಬೂದು ಮಸಿ ರಿಂಗ್ ಕೂರುವಾಗಿನದು. ಅಯಸ್ಕಾಂತಕ್ಕೆ ಅಂಟದ ಹೊಳೆಯುವ ಚೂರುಗಳು ಕಂಡರೆ ಅವು ಬೇರಿಂಗ್ ಅಥವಾ ಪಿಸ್ಟನ್ನಿನವು. ಆಗ ಮತ್ತೆ ಸ್ಟಾರ್ಟ್ ಮಾಡದೆ ಸಂಪು ಬಿಚ್ಚಿ. ಮುಂದಿನ ಎಣ್ಣೆ ಬದಲಾವಣೆ 500 ಕಿ.ಮೀ.ಗೆ. ಅದಾದ ಮೇಲೆ ಸಿಂಥೆಟಿಕ್ ಹಾಕಿ ಟ್ಯೂನಿಂಗಿಗೆ ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೆ ಏರಿಸಬಹುದು.